ಉಂಡ್

ಮೂವತ್ತೊಂಬತ್ತರಲ್ಲಿ ಮತ್ತೆ ನಾಲ್ಕು ಗೆರೆಯ ಕಾಪಿ ಪುಸ್ತಕ.
ಹೊಸ ಬಸ್‌ಸ್ಟ್ಯಾಂಡಿನ ಹಿಂದೆ, ಮೊಬೈಲ್ ರಿಪೇರಿ ಅಂಗಡಿಯ ಮೇಲೆ,
ಇಪ್ಪತ್ತಮೂರು ನರ್ಸಿಂಗ್ ಹುಡುಗಿಯರ ನಡುವೆ
ಖಾಕಿ ಅಂಗಿಯ ನಾನೊಬ್ಬ ಗಂಡ.
ಗಂಡನೆಂದೇ ಸೇರಿದವನು:
ಹೆಂಡತಿ ಇರುವಲ್ಲಿಗೆ ಹೋಗಬೇಕಾದರೆ
ಅಲ್ಲಿಯ ಮಾತಿನಲ್ಲಿ ಎ-ಒನ್ ಪಾಸಾಗಬೇಕಂತೆ.
ಧಾರೆಯ ದಿನ ಯಾರೂ ಇದನ್ನು ಹೇಳಿರಲಿಲ್ಲ.

ಜಿನ್ಸಿ ಟೀಚರ್ ಇರಿಟ್ಟಿಯವರು.
ಮಲೆಯಾಳದಲ್ಲಿ ಜರ್ಮನ್ ಹೇಳಿಕೊಡುತ್ತಾರೆ,
ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ,
ತುಳುವಿನಲ್ಲಿ ಬೆವರುತ್ತೇನೆ.

ಇಪ್ಪತ್ತಮೂರು ಅನ್ನಬಾರದು ಅಲ್ಲಿ.
ಮೂರು ಮತ್ತು ಇಪ್ಪತ್ತು. ಡ್ರೈ ಉಂಡ್ ಟ್ಸ್ವಾನ್‌ಸಿಗ್.
ಮೊದಲು ಚಿಲ್ಲರೆ, ಆಮೇಲೆ ನೋಟು.
ಹದಿನೇಳು ವರ್ಷ ಪೆರ್ಲ ಲೈನಿನಲ್ಲಿ
ನಾನು ಬೇಡಿಕೊಂಡದ್ದೂ ಅದನ್ನೇ ಅಲ್ಲವೆ!

ಆದರೆ ನಡುವೆ ಕೂತ ಆ ಉಂಡ್ ನನ್ನನ್ನು ಬಿಡಲಿಲ್ಲ.
ಚಿಲ್ಲರ ಉಂಡೋ, ಚೆರ್ಕಳದವರೆಗೆ.
ಚಿಲ್ಲರೆ ಉಂಡಾ, ನೆಲ್ಲಿಕಟ್ಟೆ ಕಳೆದ ಮೇಲೆ
(ಬೋರ್ಡಿನಲ್ಲಿ ಅದೀಗ ನೆಲ್ಲಿಕ್ಕಟ್ಟ; ಕಟ್ಟೆ ಪಾಪ ಅಲ್ಲೇ ಕೂತಿದೆ).
ಚಿಲ್ಲರೆ ಉಂಟಾ, ಬದಿಯಡ್ಕದ ಮಾಸ್ಟ್ರ ಹತ್ತಿರ.
ಮೂರು ಬಾಯಿಗೂ ಅದು ಇರುವುದನ್ನು ಕೇಳುವ ಮಾತು.
ಅವರಲ್ಲಿ ಮಾತ್ರ ಬರೀ 'ಮತ್ತು':
ಇತ್ತ ಒಂದು, ಅತ್ತ ಒಂದು ಇಲ್ಲದಿದ್ದರೆ
ನಿಲ್ಲಲಾರದ್ದು.

ಹುಡುಗಿ ಎಂಬ ಪದ ನಪುಂಸಕ ಎಂದಾಗ
ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ನಗಲಿಲ್ಲ.
ಉಕ್ಕಿನಡ್ಕದಲ್ಲಿ ಹತ್ತುವ ಭಟ್ರು ದಿನಾ ಹೇಳುತ್ತಾರೆ,
"ಅಕ್ಕ ಬೈಂದು, ಮುಂದೆ ಇದ್ದು. ಅದಕ್ಕುದೇ ಒಂದು ಟಿಕೇಟು."

ಕೆಲವು ಕ್ರಿಯಾಪದಗಳನ್ನು ಅವರು ಸೀಳುತ್ತಾರೆ.
ಅನ್‌ರೂಫೆನ್ ಅಂದರೆ ಫೋನ್ ಮಾಡುವುದು;
ರೂಫೆ ಮುಂದೆಯೇ ನಿಂತರೆ, ಅನ್ ಎಂಬ ತುಂಡು
ವಾಕ್ಯದ ಕೊಟ್ಟಕೊನೆಗೆ.
ಟೀಚರ್ ಬೋರ್ಡಿನ ಮೇಲೆ ಉದ್ದಕ್ಕೆ ಬಾಣ ಎಳೆದರು.
ನನಗದು ಬೇಕಾಗಲಿಲ್ಲ.
ಸ್ಟಿಯರಿಂಗಿನಲ್ಲಿ ಕುಂಞಂಬುವೇಟ್ಟ, ಹಿಂದಿನ ಬಾಗಿಲಲ್ಲಿ ನಾನು,
ನಡುವೆ ಅರವತ್ತು ಜನ, ಅಕ್ಕಿ ಚೀಲ, ಯಾರದೋ ಟೇಬಲ್ ಫ್ಯಾನು.
ಡಬಲ್ ಬೆಲ್ ಬೀಳುವವರೆಗೆ
ಬಸ್ಸಿಗೆ ಅರ್ಥವಿಲ್ಲ.

ಸುಗಂಧಿ ಇರುವ ಊರು ಕಾಸೆಲ್.
ನಮ್ಮೂರಿನ ಹಾಗೆ ಅದೂ ಕಾಸಿನಿಂದಲೇ ಶುರು.
ಮುದುಕರ ವಾರ್ಡು, ರಾತ್ರಿಪಾಳಿ.
ಅಲ್ಲೊಬ್ಬಳು ಅಜ್ಜಿ, ನೆನಪು ಕೈಕೊಟ್ಟಾಗೆಲ್ಲ
ತನ್ನ ಹಳ್ಳಿಯ ಜರ್ಮನ್ ಆಡುತ್ತಾಳಂತೆ,
ಡಾಕ್ಟರಿಗೂ ತಿಳಿಯುವುದಿಲ್ಲವಂತೆ.
ಇವಳು ತುಳುವಿನಲ್ಲಿ ಉತ್ತರ ಕೊಡುತ್ತಾಳೆ.
ಅಜ್ಜಿಗೆ ನಿದ್ದೆ ಬರುತ್ತದೆ.

ಪರೀಕ್ಷೆ ಕೊಚ್ಚಿಯಲ್ಲಿ. ಕಿವಿಗೆ ಯಂತ್ರ ಇಟ್ಟು
ಹೆಂಗಸೊಬ್ಬಳು ರೈಲಿನ ಪ್ಲಾಟ್‌ಫಾರ್ಮ್ ಹೇಳಿದಳು, ಒಂದೇ ಸಲ.
ಒಂದೇ ಸಲ!
ಒಂದೊಂದು ಸ್ಟಾಪನ್ನೂ ಮೂರು ಮೂರು ಸಲ ಕೂಗುವವನಿಗೆ
ಅದು ಮೋಸ ಅನ್ನಿಸಿತು.
ಬೇಕಾದ್ದು ಅರವತ್ತು, ಸಿಕ್ಕಿದ್ದು ಐವತ್ತೆಂಟು.

ಆ ರಾತ್ರಿ ಫೋನಿನಲ್ಲಿ
ನಮ್ಮ ಮಾತಿನಲ್ಲಿ ಹೇಳಲು ನಾಚಿಕೆಯಾಗಿ
ಅವರ ಮಾತಿನಲ್ಲೇ ಹೇಳಿದೆ:
ಆಹ್ಟ್ ಉಂಡ್ ಫ್ಯುನ್ಫ್‌ಸಿಗ್.
ಸ್ವಲ್ಪ ಹೊತ್ತು ಆ ಕಡೆ ಟ್ರಾಲಿಯ ಚಕ್ರದ ಸದ್ದು ಮಾತ್ರ.
"ಉಚ್ಚಾರ ಸರಿ ಉಂಟು," ಅಂದಳು.
ಆಮೇಲೆ ಮೆಲ್ಲಗೆ, "ಉಂಡ್?"

ಮತ್ತೆ ಏನು ಎಂದಳೋ,
ಇನ್ನೂ ಧೈರ್ಯ ಉಂಟಾ ಎಂದಳೋ,
ಉಂಡೆಯಾ ಎಂದಳೋ.
ಕೇಳಿ ಬಿಡಿಸಿಕೊಳ್ಳಬಹುದಿತ್ತು.
ಮೂರಕ್ಕೂ ಸೇರಿಸಿ ಒಂದೇ ಟಿಕೇಟು ಹರಿದೆ:
ಯಾ.

ಒಲೆಯ ಮೇಲೆ ಬಂಗುಡೆ ಸಾರು
ಮುಚ್ಚಳ ತೆಗೆಯದೆ ತಣಿಯುತ್ತಿತ್ತು.